ಈರುಳ್ಳಿಗೆ ಔಷಧಿ ತರೋ ಮೊದಲು ರೋಗ ಯಾವುದು ಅಂತ ನೋಡಿ: ತಿರುಚು ರೋಗ, ನುಸಿ, ಗಡ್ಡೆ ಕೊಳೆ

ಹಿರಿಯೂರು: ಮುಂಗಾರು ಈರುಳ್ಳಿ ಮೊಳಕಾಲುದ್ದ ಬಂದಾಗಲೇ ತಾಲ್ಲೂಕಿನ ಔಷಧಿ ಅಂಗಡಿಗಳಲ್ಲಿ ರಶ್ ಶುರು. ಬಂದವರು ಕೇಳೋದು ಒಂದೇ ಮಾತು, "ಈರುಳ್ಳಿ ಗರಿ ಕೆಟ್ಟೈತೆ, ಒಳ್ಳೇದು ಏನಾದ್ರೂ ಕೊಡಿ". ಅಂಗಡಿಯವರು ಹೊಲ ನೋಡಿರಲ್ಲ. ಹುಳಕ್ಕೊಂದು, ರೋಗಕ್ಕೊಂದು, ಜೊತೆಗೊಂದು ಟಾನಿಕ್ ಸೇರಿಸಿ ಕೊಟ್ಟು ಕಳಿಸ್ತಾರೆ. ಮೂರರಲ್ಲಿ ಎರಡು ಬೇಕೇ ಇರಲ್ಲ ಅನ್ನೋದು ಗೊತ್ತಾಗುವಷ್ಟರಲ್ಲಿ ದುಡ್ಡು ಖರ್ಚಾಗಿರುತ್ತೆ.

ಗರಿ ಕೆಡೋಕೆ ಕಾರಣ ಬೇರೆ ಬೇರೆ. ಶಿಲೀಂಧ್ರದ ಔಷಧಿಗೆ ನುಸಿ ಸಾಯಲ್ಲ, ಹುಳದ ಔಷಧಿಗೆ ಶಿಲೀಂಧ್ರ ಹೋಗಲ್ಲ.

ಮಳೆ ಹಿಡಿದಾಗ ಹೆಚ್ಚು ಕಾಡೋದು ತಿರುಚು ರೋಗ. ಗರಿ ಹಗ್ಗ ಹೊಸೆದಂಗೆ ಸುರುಳಿ ಸುತ್ತಿ ಬಾಗುತ್ತೆ, ಕುತ್ತಿಗೆ ಉದ್ದ ಆಗುತ್ತೆ, ಗಡ್ಡೆ ಮಾತ್ರ ದಪ್ಪ ಆಗಲ್ಲ. ನೀರು ನಿಲ್ಲೋ ತಗ್ಗಿನ ಜಾಗದಲ್ಲಿ ಹೆಚ್ಚಾಗಿ ಮೊದಲು ಕಾಣಿಸ್ಕೊಂಡು, ಮಳೆ ಹನಿ ಸಿಡಿದು ಅಕ್ಕಪಕ್ಕಕ್ಕೆ ಹರಡುತ್ತೆ. 2022ರ ಸೆಪ್ಟೆಂಬರ್‌ನಲ್ಲಿ ವಾಣಿವಿಲಾಸ ಸಾಗರ 89 ವರ್ಷದ ಮೇಲೆ ಕೋಡಿ ಬಿತ್ತು. ಅಂಥ ಮಳೆ ಡ್ಯಾಂಗೆ ಒಳ್ಳೇದು, ಎರೆ ಭೂಮಿಯ ಈರುಳ್ಳಿಗಲ್ಲ. ಹಾಗಾಗಿ ಮೊದಲ ಔಷಧಿ ಬಸಿಗಾಲುವೆ, ನೀರು ನಿಂತರೆ ಎಷ್ಟು ಹೊಡೆದರೂ ಅಷ್ಟೇ. ಮೋಡ ಕವಿದ ವಾತಾವರಣ ಶುರುವಾದಾಗಲೇ ಮ್ಯಾಂಕೋಜೆಬ್ ಲೀಟರ್‌ಗೆ 2.5 ಗ್ರಾಂ, ಅಂದ್ರೆ 16 ಲೀಟರ್ ಟ್ಯಾಂಕಿಗೆ 40 ಗ್ರಾಂ ಹಾಕಿ ಸಿಂಪಡಿಸಬೇಕು. ಇದು ರೋಗ ಬರದಂಗೆ ತಡೆಯೋದು, ಪೂರ್ತಿ ತಿರುಚಿದ ಗರಿಯನ್ನ ನೆಟ್ಟಗೆ ಮಾಡಲ್ಲ.

ನೇರಳೆ ಮಚ್ಚೆ ರೋಗಕ್ಕೂ ಇದೇ ಔಷಧಿ ನಡೆಯುತ್ತೆ. ಗರಿ ಮೇಲೆ ಸಣ್ಣ ಬಿಳಿ ಚುಕ್ಕೆ ಎದ್ದು, ನಡುವೆ ನೇರಳೆ ಬಣ್ಣಕ್ಕೆ ತಿರುಗಿ, ಅಲ್ಲಿಗೇ ಗರಿ ಮುರಿದು ಬೀಳುತ್ತೆ. ಐಐಎಚ್ಆರ್‌ನ ಅರ್ಕಾ ಕಲ್ಯಾಣ್ ತಳಿ ಇದನ್ನ ಸ್ವಲ್ಪ ಮಟ್ಟಿಗೆ ತಡ್ಕೊಳ್ಳುತ್ತೆ.

ಮಳೆ ಕೈಕೊಟ್ಟು ಬಿಸಿಲು ಏರಿದರೆ ಕಥೆಯೇ ಬೇರೆ, ಆಗ ಥ್ರಿಪ್ಸ್ ನುಸಿಯದ್ದೇ ಕಾರುಬಾರು. ಗರಿ ಮೇಲೆ ಬೆಳ್ಳಿ ಗೆರೆ ಎಳೆದಂಗೆ ಆಗಿ ತುದಿ ಒಣಗುತ್ತೆ. ಪರೀಕ್ಷೆ ಸುಲಭ: ಗಿಡದ ನಡುವಿನ ಎಳೆ ಗರಿ ಬಿಡಿಸಿ ಸಂದಿ ನೋಡಿದರೆ ಹಳದಿ ಬಣ್ಣದ ಸಣ್ಣ ಹುಳ ಓಡಾಡ್ತಿರುತ್ತವೆ. ಔಷಧಿ ಆ ಸಂದಿಗೆ ಇಳಿಯಬೇಕು. ಈರುಳ್ಳಿ ಗರಿ ಮೇಣದ ಥರ ನುಣುಪು, ಅಂಟು ದ್ರಾವಣ ಸೇರಿಸದಿದ್ದರೆ ಹೊಡೆದದ್ದೆಲ್ಲ ಜಾರಿ ನೆಲಕ್ಕೆ. ಶುರುವಿನಲ್ಲಾದರೆ ಬೇವಿನ ಎಣ್ಣೆ, ಜಾಸ್ತಿಯಾದರೆ ಫಿಪ್ರೋನಿಲ್‌ನಂಥದ್ದನ್ನ ಲೇಬಲ್ ಮೇಲಿನ ಪ್ರಮಾಣದಲ್ಲೇ. ಒಂದೇ ಔಷಧಿಯನ್ನ ಮತ್ತೆ ಮತ್ತೆ ಹೊಡೆದರೆ ನುಸಿ ಅದಕ್ಕೆ ಒಗ್ಗಿಬಿಡುತ್ತೆ. ಬಿತ್ತನೆಗೆ ಮುಂಚೆ ಹೊಲದ ಸುತ್ತ ಎರಡು ಸಾಲು ಮೆಕ್ಕೆಜೋಳ ಹಾಕಿದ್ದರೆ ಪಕ್ಕದ ಹೊಲದಿಂದ ಬರೋ ನುಸಿ ಕಡಿಮೆ. ಖರ್ಚು ಜಾಸ್ತಿ ಇಲ್ಲ, ದನಕ್ಕೆ ಮೇವೂ ಆಯ್ತು.

ಗಡ್ಡೆ ಕೊಳೆ ರೋಗಕ್ಕೆ ಗರಿ ಮೇಲೆ ಹೊಡೆಯೋದು ವ್ಯರ್ಥ. ಗರಿ ತುದಿಯಿಂದ ಹಳದಿಯಾಗುತ್ತೆ, ಗಿಡ ಎಳೆದರೆ ಸಲೀಸಾಗಿ ಕಿತ್ತು ಬರುತ್ತೆ, ಬುಡದಲ್ಲಿ ಬಿಳಿ ಬೂಷ್ಟು ಇರುತ್ತೆ. ರೋಗ ಮಣ್ಣಲ್ಲೇ ವರ್ಷಗಟ್ಟಲೆ ಉಳಿಯುತ್ತೆ. ಬಿತ್ತನೆಗೆ ಮುಂಚೆ ಕೊಟ್ಟಿಗೆ ಗೊಬ್ಬರದ ಜೊತೆ ಟ್ರೈಕೋಡರ್ಮಾ ಕೊಡೋದು, ಎರಡು-ಮೂರು ವರ್ಷ ಆ ಹೊಲದಲ್ಲಿ ರಾಗಿ ಇಲ್ಲವೇ ಜೋಳ ಹಾಕೋದು ಇದಕ್ಕೆ ದಾರಿ. ಈರುಳ್ಳಿ ರೇಟು ಏರಿದ ವರ್ಷ ಈ ಮಾತು ಯಾರೂ ಕೇಳಲ್ಲ, ಅದು ಬೇರೆ ವಿಷಯ. ಗಡ್ಡೆ ಕಟ್ಟೋ ಹೊತ್ತಲ್ಲಿ ಯೂರಿಯಾ ಸುರಿದರೂ ಕುತ್ತಿಗೆ ದಪ್ಪ ಆಗಿ, ಕಿತ್ತಿಟ್ಟ ಈರುಳ್ಳಿ ಬೇಗ ಕೊಳೆಯುತ್ತೆ.

ಅಂಗಡಿಯವರು ಪ್ರತಿ ಮಾರಾಟಕ್ಕೂ ಬಿಲ್ ಕೊಡಲೇಬೇಕು, ಅದು ಕಾನೂನು. ಬ್ಯಾಚ್ ನಂಬರ್ ಇರೋ ಬಿಲ್ ಇದ್ದರೆ ಔಷಧಿ ನಕಲಿ ಅನ್ನೋ ಅನುಮಾನ ಬಂದಾಗ ದೂರು ಕೊಡೋಕೆ ಆಧಾರ. ಡಬ್ಬಿ ಮೇಲೆ ಕೆಂಪು ತ್ರಿಕೋನ ಇದ್ದರೆ ಅತಿ ಹೆಚ್ಚು ವಿಷ ಅಂತ ಅರ್ಥ.

ಯಾವ ರೋಗ ಅಂತ ತಿಳಿಯದಿದ್ದರೆ ಬಬ್ಬೂರು ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಬಹುದು. ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಫೋನ್ ಮಾಡಿದರೆ ದುಡ್ಡು ಬೀಳಲ್ಲ, ಕನ್ನಡದಲ್ಲೇ ಮಾತಾಡಬಹುದು. ಹೋಗುವಾಗ ಬರೀ ಗರಿ ಕಿತ್ಕೊಂಡು ಹೋಗದೆ, ಬೇರು ಸಮೇತ ನಾಲ್ಕೈದು ರೋಗದ ಗಿಡ, ಒಂದು ಚೆನ್ನಾಗಿರೋ ಗಿಡವನ್ನ ಪೇಪರ್‌ನಲ್ಲಿ ಸುತ್ತಿ ತಗೊಂಡು ಹೋಗಬೇಕು. ಪ್ಲಾಸ್ಟಿಕ್ ಕವರ್‌ನಲ್ಲಿ ಬೆವರಿ ಕೊಳೆಯುತ್ತೆ. ಈಗಾಗಲೇ ಹೊಡೆದಿರೋ ಔಷಧಿಯ ಡಬ್ಬಿಯ ಫೋಟೋ ಮೊಬೈಲ್‌ನಲ್ಲಿ ಇರಲಿ.