ಕಾಫಿ ಹೆಸರಿನ ಕಂಪ್ಯೂಟರ್

ಎಸ್.ಪಿ. ರೋಡಿನ ಗುಜರಿ ಅಂಗಡಿಯೊಂದರಲ್ಲಿ, ಸತ್ತ ಮಾನಿಟರುಗಳ ರಾಶಿಯ ಕೆಳಗೆ, ಪಿಜ್ಜಾ ಡಬ್ಬಿಯಂಥ ಚಪ್ಪಟೆ ಪೆಟ್ಟಿಗೆ ಕಂಡಿತು. ಸನ್ ಸ್ಪಾರ್ಕ್‌ಸ್ಟೇಷನ್ 5. 1994ರಲ್ಲಿ ಮಾರುಕಟ್ಟೆಗೆ ಬಂದ ಮಾದರಿ. ಅಂಗಡಿಯವರು ತಕ್ಕಡಿಗೆ ಹಾಕಿ ತೂಕದ ಲೆಕ್ಕದಲ್ಲೇ ಕೊಟ್ಟರು. ಒಂದು ಕಾಲದ ಕನಸು ಕೆ.ಜಿ. ರೇಟಿಗೆ!

ನಂಗೆ ಇದ್ದ ಆಸೆ ಇಷ್ಟೇ. ಇದರಲ್ಲಿ ಸೊಲಾರಿಸ್ 2.6 ಹಾಕಬೇಕು, ನನ್ನ ಮೊದಲ ಕೆಲಸದಲ್ಲಿ ಟೀಮ್ ಲೀಡ್ ಆಗಿದ್ದ ಮೇಡಂಗೆ ತೋರಿಸಬೇಕು. ತೊಂಬತ್ತರ ದಶಕದಲ್ಲಿ ಅವರು ಕೆಲಸ ಕಲಿತಿದ್ದು ಇಂಥದೇ ಮೆಷಿನ್ ಮೇಲೆ.

ಸನ್ ಕಂಪನಿ ಹುಟ್ಟಿದ್ದು 1982ರಲ್ಲಿ. ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿ ನೆಟ್‌ವರ್ಕ್ ಅನ್ನೋದರ ಮೊದಲಕ್ಷರಗಳೇ ಅದರ ಹೆಸರು. ಆಂಡಿ ಬೆಕ್ಟೋಲ್‌ಶೈಮ್ ಅಲ್ಲಿ ವಿದ್ಯಾರ್ಥಿಯಾಗಿದ್ದಾಗ ವಿನ್ಯಾಸ ಮಾಡಿದ ಯಂತ್ರದಿಂದ ಶುರುವಾದ ಕಥೆ. ಜೊತೆಗಿದ್ದವರು ದೆಹಲಿ ಐಐಟಿಯ ವಿನೋದ್ ಖೋಸ್ಲಾ, ಸ್ಕಾಟ್ ಮೆಕ್‌ನೀಲಿ, ಬಿಲ್ ಜಾಯ್. 1995ರ ಟಾಯ್ ಸ್ಟೋರಿ ಸಿನಿಮಾದ ದೃಶ್ಯಗಳನ್ನು ರೆಂಡರ್ ಮಾಡಿದ್ದು ಇದರ ಅಣ್ಣ, ಸ್ಪಾರ್ಕ್‌ಸ್ಟೇಷನ್ 20. ನಮ್ಮ ಬೆಂಗಳೂರಲ್ಲೂ ಸನ್‌ನ ಎಂಜಿನಿಯರಿಂಗ್ ಕೇಂದ್ರವಿತ್ತು. 2010ರಲ್ಲಿ ಒರಾಕಲ್ ಇಡೀ ಕಂಪನಿಯನ್ನೇ ಕೊಂಡುಕೊಂಡಿತು. ಕಥೆ ಮುಗೀತು.

ಮನೆಗೆ ತಂದು ಸೀರಿಯಲ್ ಕೇಬಲ್ ಸಿಕ್ಕಿಸಿ ಆನ್ ಮಾಡಿದೆ. ಪರದೆ ಮೇಲೆ ಮೊದಲ ದೂರು: ಐಡಿಪ್ರಾಮ್‌ನಲ್ಲಿರುವ ಮಾಹಿತಿ ಸರಿಯಿಲ್ಲ. ಈಥರ್ನೆಟ್ ವಿಳಾಸದ ಜಾಗದಲ್ಲಿ ಬರೀ ಎಫ್‌ಗಳು. ನೆಟ್‌ವರ್ಕ್ ಭಾಷೆಯಲ್ಲಿ ಅದರರ್ಥ 'ಎಲ್ಲರೂ'. ಹೆಸರು ಕೇಳಿದರೆ 'ಎಲ್ಲರೂ' ಅನ್ನುವವನಿಗೆ ಯಾರು ತಾನೇ ಕಾಗದ ಹಾಕ್ತಾರೆ?

ಕಾರಣ ಹಳೆಯದೇ. ಈ ಯಂತ್ರಗಳಲ್ಲಿ ಗಡಿಯಾರ, ಬೂಟ್ ಸೆಟ್ಟಿಂಗ್, ಈಥರ್ನೆಟ್ ವಿಳಾಸ, ಹೋಸ್ಟ್ ಐಡಿ ಎಲ್ಲ ಕೂತಿರುವುದು ಎನ್‌ವಿರ್ಯಾಮ್ ಅನ್ನುವ ಒಂದೇ ಚಿಪ್ಪಿನಲ್ಲಿ. ಬ್ಯಾಟರಿ ಅದರ ತಲೆಯೊಳಗೇ ಸೀಲಾಗಿದೆ. ಆಯಸ್ಸು ಸುಮಾರು 10 ವರ್ಷ. ದುಬಾರಿ ಸಾಫ್ಟ್‌ವೇರುಗಳ ಲೈಸೆನ್ಸ್‌ಗಳನ್ನು ಆ ಹೋಸ್ಟ್ ಐಡಿಗೇ ಕಟ್ಟಿಹಾಕುತ್ತಿದ್ದರು. ಬ್ಯಾಟರಿ ಸತ್ತರೆ ಮೆಷಿನ್ನು ತನ್ನ ಹೆಸರನ್ನೂ ಮರೆಯುತ್ತೆ, ಲೈಸೆನ್ಸೂ ಹೋಗುತ್ತೆ.

ಚಿಪ್ ಕಿತ್ತೆ. ಮೇಲಿದ್ದ ಬಾರ್‌ಕೋಡ್ ಸ್ಟಿಕರ್ ಸುಲಿದು ಎಸೆದೆ. ಅರದಿಂದ ಪ್ಲಾಸ್ಟಿಕ್ ಉಜ್ಜಿ, ಒಳಗಿನ ಬ್ಯಾಟರಿಯ ಸಂಪರ್ಕ ಕತ್ತರಿಸಿ, ಹೊರಗಿಂದ 3 ವೋಲ್ಟಿನ ಬಟನ್ ಸೆಲ್ ಬೆಸುಗೆ ಹಾಕಿದೆ.

ಇನ್ನು ನಾಮಕರಣ. ಸನ್‌ನ ಓಪನ್‌ಬೂಟ್ ಫೋರ್ತ್ ಭಾಷೆಯಲ್ಲಿದೆ. ಮಿಚ್ ಬ್ರಾಡ್ಲಿ ಬರೆದದ್ದು. ಅದರ 'ಓಕೆ' ಪ್ರಾಂಪ್ಟಿನಲ್ಲಿ ಒಂದೊಂದೇ ಬೈಟನ್ನು ಕೈಯಿಂದ ತುಂಬಬಹುದು. ಸನ್ ವಿಳಾಸ ಶುರುವಾಗೋದು 08, 00, 20 ಇಂದ. ಉಳಿದ ಮೂರು ಬೈಟಿಗೆ ಹಳೇ ಸನ್ ಬಳಕೆದಾರರ ತಮಾಷೆಯೊಂದಿದೆ: ಸಿ0, ಎಫ್‌ಎಫ್, ಇಇ. ಸೊನ್ನೆಯನ್ನು ಓ ಅಂತ ಓದಿಕೊಂಡರೆ ಕಾಫಿ! ಹೋಸ್ಟ್ ಐಡಿಗೂ ಅದನ್ನೇ ಕೊಟ್ಟೆ. ಕೊನೆಯ ಬೈಟು ಚೆಕ್‌ಸಮ್, ಹಿಂದಿನ 15 ಬೈಟುಗಳ ಎಕ್ಸಾರ್. ಎಕ್ಸಾರ್‌ನಲ್ಲಿ ಎರಡು ಸಲ ಬಂದದ್ದು ತನ್ನನ್ನು ತಾನೇ ಅಳಿಸಿಕೊಳ್ಳುತ್ತೆ. ಹಾಗಾಗಿ ಲೆಕ್ಕದಿಂದ ಎರಡು ಲೋಟ ಕಾಫಿಯೂ ಮಾಯ. ಉಳಿದದ್ದು ಎ9. ದೂರು ನಿಂತಿತು.

ಖುಷಿಯಿಂದ ಸಿಡಿ ಹಾಕಿ ಬೂಟ್ ಮಾಡಿದರೆ, ಡಿಸ್ಕ್ ಲೇಬಲ್ ಓದೋಕಾಗ್ತಿಲ್ಲ ಅಂತು. ಸಿಡಿ ಬದಲಿಸಿದೆ, ಕೇಬಲ್ ಬದಲಿಸಿದೆ, ಎರಡು ಶನಿವಾರ ಕಳೆದೆ. ತಪ್ಪು ಸಿಡಿಯದ್ದಲ್ಲ. ಸಿಡಿಯ ಡೇಟಾ ಬ್ಲಾಕ್ 2048 ಬೈಟ್. ಆದರೆ ಹಳೇ ಸನ್ ಯಂತ್ರಕ್ಕೆ ಸಿಡಿ ಅಂದರೆ ಇನ್ನೊಂದು ಡಿಸ್ಕು ಅಷ್ಟೇ, 512 ಬೈಟಿನ ತುತ್ತೇ ಬೇಕು. ನನ್ನ ಡ್ರೈವ್ ದೊಡ್ಡ ತುತ್ತು ಕೊಡ್ತಿತ್ತು. ಹಿಂಬದಿಯ ಜಂಪರ್‌ನಿಂದ ಬ್ಲಾಕ್ ಗಾತ್ರ ಬದಲಿಸಬಹುದಾದ ಸ್ಕಸಿ ಡ್ರೈವ್ ಒಂದನ್ನು ಹುಡುಕಿ ತಂದು, ಐಡಿ 6ಕ್ಕೆ ಇಟ್ಟು ಸಿಕ್ಕಿಸಿದೆ. ಈ ಸಲ ಇನ್‌ಸ್ಟಾಲರ್ ಎದ್ದಿತು. ರಾತ್ರಿ ಊಟದ ಹೊತ್ತಿಗೆ ಲಾಗಿನ್ ಪ್ರಾಂಪ್ಟ್.

ತಕ್ಷಣ ಮೇಡಂಗೆ ಫೋನ್ ಮಾಡಿದೆ.

"ಭೇಷ್ ಕಣಪ್ಪಾ! ಹೋಸ್ಟ್ ಐಡಿ ಏನು ಕೊಟ್ಟೆ?"

"ಕಾಫಿ, ಮೇಡಂ."

ನಕ್ಕರು. ಆಮೇಲೆ ಕೇಳಿದರು. "ಯಾಕೆ, ಅದರ ಅಸಲಿ ನಂಬರ್ ಇರಲಿಲ್ವಾ? ಚಿಪ್ ಮೇಲಿನ ಸ್ಟಿಕರ್‌ನಲ್ಲೇ ಇರುತ್ತಲ್ಲೋ. ಕೊನೆಯ ಆರು ಅಂಕಿ."

ನಾನು ಮಾತಾಡಲಿಲ್ಲ. ಕಸದ ಗಾಡಿ ಎರಡು ವಾರದ ಹಿಂದೆಯೇ ಬಂದು ಹೋಗಿತ್ತು.

ಆ ಆರು ಅಂಕಿ ಇದ್ದಿದ್ದರೆ ಈ ಯಂತ್ರ ಯಾವ ಕಚೇರಿಯದ್ದು, ಯಾರ ಮೇಜಿನ ಮೇಲಿತ್ತು ಅಂತ ಯಾವುದಾದರೂ ಹಳೇ ಲೈಸೆನ್ಸ್ ಕಾಗದದಿಂದಲಾದರೂ ತಿಳಿಯಬಹುದಿತ್ತೇನೋ. ಈ ಊರಿನ ಐಟಿ ಚರಿತ್ರೆ ತಕ್ಕಡಿಗೆ ಹೋಗ್ತಿದೆ ಅಂತ ಗೊಣಗುತ್ತಿದ್ದವನು ನಾನು. ಕೊನೆಯ ಗುರುತನ್ನು ಎಸೆದವನೂ ನಾನೇ, ರಿಪೇರಿಯ ಉತ್ಸಾಹದಲ್ಲಿ.

ಮೇಡಂ ಮುಂದಿನ ಭಾನುವಾರ ಬರ್ತಾರಂತೆ. ಈಗ ಪೆಟ್ಟಿಗೆಯ ಒಳಗೆ ಒಂದು ಚೀಟಿ ಅಂಟಿಸಿದ್ದೇನೆ: ಕೊಂಡ ಜಾಗ, ಸೆಲ್ ಹಾಕಿದ ದಿನ, ನಾನು ಕೊಟ್ಟ ಹುಸಿ ಹೆಸರು, ಅದು ಹುಸಿ ಅನ್ನುವ ಮಾತು. ಮುಂದೆ ಬಿಚ್ಚುವವರು ಮೊದಲು ಅದನ್ನು ಓದಲಿ, ಆಮೇಲೆ ಅರ ಹಿಡಿಯಲಿ.