ಕಂಪ್ಯೂಟರ್ ಕಥೆ, ಭಾಗ 4: ಮೈಕ್ ಬಿಡದ ಪ್ರೋಗ್ರಾಂ

ಲ್ಯಾಪ್‌ಟಾಪ್‌ನಲ್ಲಿ ಒಂದು ಆ್ಯಪ್ ಹ್ಯಾಂಗ್ ಆದ್ರೂ ಹಾಡು ನಿಲ್ಲಲ್ಲ, ಗಮನಿಸಿದ್ದೀರಾ? ಮೊದಲು ಹೀಗಿರಲಿಲ್ಲ.

ಪ್ರೊಸೆಸರ್ ಅಂದ್ರೆ ಸೆಮಿನಾರ್ ಹಾಲ್‌ನ ಒಂದೇ ಮೈಕ್ ಅಂದ್ಕೊಳ್ಳಿ. 1990ರ ವಿಂಡೋಸ್ 3.0ರಲ್ಲಿ, ಆಗಿನ ಮ್ಯಾಕ್‌ನಲ್ಲಿ, ಮೈಕ್ ಹಿಡಿದ ಪ್ರೋಗ್ರಾಂ ತಾನಾಗೇ ಬಿಟ್ಟುಕೊಡಬೇಕಿತ್ತು. ಬಿಡದಿದ್ರೆ ಉಳಿದವೆಲ್ಲ ಕಾಯ್ತಾ ಕೂರಬೇಕು.

ಆದ್ರೆ 1985ರಲ್ಲೇ ಬಂದ ಕಮೊಡೋರ್ ಕಂಪನಿಯ ಅಮಿಗಾದಲ್ಲಿ ಮೈಕ್ ಕಿತ್ತುಕೊಳ್ಳೋ ಅಧಿಕಾರ ಸಿಸ್ಟಂ ಕೈಲಿತ್ತು. ಕಾರ್ಲ್ ಸಾಸೆನ್‌ರಾತ್ ರೂಪಿಸಿದ ಕರ್ನಲ್ ಎಲ್ಲರಿಗೂ ಸರದಿ ಹಂಚುತ್ತಿತ್ತು, ಅದೂ ಬರೀ 256 ಕೆಬಿ ಮೆಮೊರಿಯಲ್ಲಿ! ಒಂದು ಪ್ರೋಗ್ರಾಂ ಭಾರಿ ಲೆಕ್ಕದಲ್ಲಿ ಮುಳುಗಿದ್ರೂ ಇನ್ನೊಂದು ನಡೀತಾ ಇರ್ತಿತ್ತು. ಕೊರತೆಯೂ ಇತ್ತು: ಒಂದರ ಮೆಮೊರಿಗೆ ಇನ್ನೊಂದು ಕೈಹಾಕದಂತೆ ತಡೆ ಇರಲಿಲ್ಲ. ಒಂದು ಕೆಟ್ರೆ ಇಡೀ ಮೆಷಿನ್ ಬೀಳಬಹುದಿತ್ತು.

ಮನೆಮನೆಯ ವಿಂಡೋಸ್‌ಗೆ ಈ ಪದ್ಧತಿ ಬಂದಿದ್ದು 1995ರಲ್ಲಿ, ಅದೂ 32-ಬಿಟ್ ಪ್ರೋಗ್ರಾಂಗಳಿಗೆ ಮಾತ್ರ. ಮ್ಯಾಕ್ ಬಳಸೋರಿಗೆ ಇದು ಪೂರ್ತಿಯಾಗಿ ಸಿಕ್ಕಿದ್ದು 2001ರ ಮ್ಯಾಕ್ ಓಎಸ್ ಟೆನ್‌ನಲ್ಲಿ. ಕಮೊಡೋರ್? 1994ರಲ್ಲೇ ದಿವಾಳಿ.

ಬಿಕಾಂನವರೇ, ಒಳ್ಳೇ ಪ್ರಾಡಕ್ಟ್ ಮೊದಲು ತಂದವರೇ ಮಾರ್ಕೆಟ್‌ನಲ್ಲಿ ಉಳೀತಾರೆ ಅಂತೇನಿಲ್ಲ. ಕಂಪನಿ ಮುಚ್ಚಿತು. ಅದು ನಂಬಿದ್ದ ಪದ್ಧತಿ ಮಾತ್ರ ಇವತ್ತು ನಮ್ಮೆಲ್ಲರ ಲ್ಯಾಪ್‌ಟಾಪ್‌ನಲ್ಲಿದೆ.

#ಕಂಪ್ಯೂಟರ್‌ಕಥೆ #ಕನ್ನಡದಲ್ಲಿಟೆಕ್