ಶಿರಸಿ ಸುಪಾರಿಯ ಮಾರಾಟ ವ್ಯವಸ್ಥೆ

ಶಿರಸಿ ಸುಪಾರಿಯು ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲ್ಲೂಕುಗಳಲ್ಲಿ ಬೆಳೆಯುವ ಅಡಿಕೆಯಾಗಿದೆ. 2019ರಲ್ಲಿ ಇದು ಭೌಗೋಳಿಕ ಸೂಚಕವಾಗಿ ನೋಂದಣಿಯಾಯಿತು. ಈ ಮಾನ್ಯತೆ ಪಡೆದ ಮೊದಲ ಅಡಿಕೆ ಇದು. ಇಲ್ಲಿನ ಬೆಳೆಗಾರರಲ್ಲಿ ಹೆಚ್ಚಿನವರು ಸಣ್ಣ ಹಿಡುವಳಿದಾರರು. ದೊಡ್ಡ ವ್ಯಾಪಾರಿಗಳು, ಪಾನ್ ಮಸಾಲಾ ತಯಾರಕರು ಹಾಗೂ ಅಂತರಜಾಲ ಮಾರಾಟಗಾರರಿರುವ ಮಾರುಕಟ್ಟೆಯಲ್ಲಿ ಇವರು ಸಹಕಾರ ಸಂಘ, ದರ್ಜೆ ವಿಂಗಡಣೆ ಮತ್ತು ಊರಿನ ಹೆಸರು ಎಂಬ ಮೂರು ಸಾಧನಗಳನ್ನು ಅವಲಂಬಿಸಿದ್ದಾರೆ.

ಸಹಕಾರಿ ಮಾರಾಟ

ಕೆಲವೇ ಚೀಲ ಅಡಿಕೆಯಿರುವ ಬೆಳೆಗಾರನು ದೂರದ ಖರೀದಿದಾರರೊಡನೆ ಒಬ್ಬನೇ ಚೌಕಾಸಿ ಮಾಡುವುದು ಕಷ್ಟ. ಈ ಕೊರತೆಯನ್ನು ನೀಗಿಸುವ ಸಂಸ್ಥೆಗಳಲ್ಲಿ 1923ರಲ್ಲಿ ಶಿರಸಿಯಲ್ಲಿ ಸ್ಥಾಪನೆಯಾದ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ (ಟಿಎಸ್‌ಎಸ್) ಪ್ರಮುಖವಾದುದು. ಸದಸ್ಯರು ತಂದ ಅಡಿಕೆಯನ್ನು ಸಂಘದ ಪ್ರಾಂಗಣದಲ್ಲಿ ಟೆಂಡರ್ ಮೂಲಕ ಮಾರಲಾಗುತ್ತದೆ. ಒಂದೇ ರಾಶಿಗೆ ಹಲವು ವ್ಯಾಪಾರಿಗಳು ದರ ನಮೂದಿಸುವುದರಿಂದ ಬೆಳೆಗಾರನು ಒಬ್ಬನೇ ಖರೀದಿದಾರನ ಮಾತಿಗೆ ಕಟ್ಟುಬೀಳಬೇಕಿಲ್ಲ. ದಾಸ್ತಾನಿನ ಆಧಾರದ ಮೇಲೆ ಮುಂಗಡ ದೊರೆಯುವುದರಿಂದ, ದರ ಕುಸಿದಾಗ ಮಾರಾಟವನ್ನು ಮುಂದೂಡಲೂ ಸಾಧ್ಯವಾಗುತ್ತದೆ. 1973ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಕ್ಯಾಂಪ್ಕೊ ಸಹಕಾರಿ ಸಂಸ್ಥೆಯೂ ಅಡಿಕೆ ಖರೀದಿಯಲ್ಲಿ ತೊಡಗಿದೆ.

ದರ್ಜೆಗಳು

ಹಣ್ಣಡಿಕೆಯನ್ನು ಬಿಸಿಲಿನಲ್ಲಿ ಒಣಗಿಸಿ ಸುಲಿದರೆ ಚಾಲಿ ದೊರೆಯುತ್ತದೆ. ಹಸಿ ಅಡಿಕೆಯನ್ನು ಸುಲಿದು, ಚೊಗರು ಸೇರಿಸಿದ ನೀರಿನಲ್ಲಿ ಬೇಯಿಸಿ ಒಣಗಿಸಿದರೆ ಕೆಂಪಡಿಕೆಯಾಗುತ್ತದೆ. ಮಾರುಕಟ್ಟೆಯಲ್ಲಿ ಚಾಲಿ, ರಾಶಿ, ಬೆಟ್ಟೆ, ಬಿಳೆಗೋಟು, ಕೆಂಪುಗೋಟು, ಕೋಕಾ ಮೊದಲಾದ ದರ್ಜೆಗಳಿಗೆ ಬೇರೆ ಬೇರೆ ದರವಿರುತ್ತದೆ. ಆದ್ದರಿಂದ ಮನೆಯಂಗಳದಲ್ಲಿ ನಡೆಯುವ ಒಣಗಿಸುವಿಕೆ ಮತ್ತು ವಿಂಗಡಣೆಯ ಅಚ್ಚುಕಟ್ಟುತನವು ಬೆಳೆಗಾರನ ಆದಾಯವನ್ನು ನೇರವಾಗಿ ನಿರ್ಧರಿಸುತ್ತದೆ.

ಭೌಗೋಳಿಕ ಸೂಚಕ

ಶಿರಸಿ ಸುಪಾರಿಯ ನೋಂದಣಿ ಸಂಖ್ಯೆ 464. ಇದರ ನೋಂದಾಯಿತ ಸ್ವಾಮ್ಯ ಟಿಎಸ್‌ಎಸ್‌ನದು. ಚಪ್ಪಟೆಯಾದ ದುಂಡನೆಯ ನಾಣ್ಯದಂಥ ಆಕಾರ, ವಿಶಿಷ್ಟ ರುಚಿ, ಸರಾಸರಿ 7.5 ಗ್ರಾಂ ಒಣತೂಕ ಹಾಗೂ 16 ಮಿ.ಮೀ. ದಪ್ಪವನ್ನು ಇದರ ಲಕ್ಷಣಗಳಾಗಿ ಗುರುತಿಸಲಾಗಿದೆ. 1999ರ ಭೌಗೋಳಿಕ ಸೂಚಕಗಳ ಕಾಯ್ದೆಯ ಪ್ರಕಾರ, ಬೇರೆಡೆಯ ಅಡಿಕೆಯನ್ನು ಈ ಹೆಸರಿನಲ್ಲಿ ಮಾರುವುದು ಅಂಗಡಿಯಲ್ಲಾಗಲಿ ಅಂತರಜಾಲದಲ್ಲಾಗಲಿ ಉಲ್ಲಂಘನೆಯಾಗುತ್ತದೆ. ಸುಳ್ಳು ಸೂಚಕ ಬಳಸಿದವರಿಗೆ 6 ತಿಂಗಳಿಂದ 3 ವರ್ಷಗಳವರೆಗೆ ಸೆರೆವಾಸ ಹಾಗೂ ₹50,000ದಿಂದ ₹2 ಲಕ್ಷದವರೆಗೆ ದಂಡ ವಿಧಿಸಲು ಅವಕಾಶವಿದೆ. ನೋಂದಣಿಯ ಅವಧಿ 10 ವರ್ಷ. ಅನಂತರ ಅದನ್ನು ನವೀಕರಿಸಬಹುದು.

ಮಿತಿಗಳು

ಸೂಚಕವು ಹೆಸರನ್ನು ರಕ್ಷಿಸುತ್ತದೆಯೇ ಹೊರತು ಬೆಲೆಯನ್ನು ಖಾತರಿಪಡಿಸುವುದಿಲ್ಲ. ಅದರ ಹಕ್ಕನ್ನು ಬಳಸಲು ಬೆಳೆಗಾರನು ಅಧಿಕೃತ ಬಳಕೆದಾರನಾಗಿ ಹೆಸರು ನೋಂದಾಯಿಸಿಕೊಳ್ಳಬೇಕು. ಬೇರೆ ಪ್ರದೇಶಗಳ ಅಡಿಕೆಯೊಡನೆ ಬೆರೆತು ಪಾನ್ ಮಸಾಲಾ ಸೇರಿದ ಮೇಲೆ ಊರಿನ ಗುರುತು ಗ್ರಾಹಕನಿಗೆ ಕಾಣುವುದಿಲ್ಲ. ಹಾಗಾಗಿ ಹೆಸರಿನ ಲಾಭವು ಇಡಿಯಾಗಿ, ಊರಿನ ಗುರುತಿನೊಡನೆ ಪೊಟ್ಟಣದಲ್ಲಿ ಮಾರಾಟವಾಗುವ ಅಡಿಕೆಗೇ ಹೆಚ್ಚು ದೊರೆಯುತ್ತದೆ. ಅಗ್ಗದ ಆಮದು ಇನ್ನೊಂದು ಸವಾಲು. ಇದನ್ನು ತಡೆಯಲು ಕೇಂದ್ರ ಸರ್ಕಾರವು 2023ರ ಫೆಬ್ರುವರಿಯಲ್ಲಿ ಅಡಿಕೆಯ ಕನಿಷ್ಠ ಆಮದು ದರವನ್ನು ಕಿಲೋಗೆ ₹251ರಿಂದ ₹351ಕ್ಕೆ ಏರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಅಡಿಕೆಯನ್ನು ಕ್ಯಾನ್ಸರ್‌ಕಾರಕ ವಸ್ತುಗಳ ಮೊದಲ ಗುಂಪಿನಲ್ಲಿ ಸೇರಿಸಿರುವುದು, ಮಾರಾಟದ ಕೌಶಲದಿಂದ ಮಾತ್ರ ಪರಿಹರಿಸಲಾಗದ ಪ್ರಶ್ನೆಯಾಗಿ ಉಳಿದಿದೆ.